ತಾಮ್ರದ ಮೈಕ್ರೋಚಾನೆಲ್ ಕೋಲ್ಡ್ ಪ್ಲೇಟ್: ಒಂದು ವರ್ಷದ ಬಳಕೆಯ ನಂತರ

ನಮ್ಮ ಪ್ರಯೋಗಾಲಯದ ಇನ್ವರ್ಟರ್‌ನಲ್ಲಿರುವ ಐಜಿಬಿಟಿ ಮಾಡ್ಯೂಲುಗಳನ್ನು (ಹೆಚ್ಚಿನ ವಿದ್ಯುತ್ತನ್ನು ಆನ್-ಆಫ್ ಮಾಡುವ ಅರೆವಾಹಕ ಸ್ವಿಚ್ಚುಗಳು) ತಣ್ಣಗಿಡಲು ಅಂಗೈ ಅಗಲದ ಈ ಕೋಲ್ಡ್ ಪ್ಲೇಟನ್ನು, ಅಂದರೆ ಒಳಗೆ ನೀರು ಹರಿಸಿ ಶಾಖ ಹೊರಸಾಗಿಸುವ ಲೋಹದ ಫಲಕವನ್ನು, ಕಳೆದ ವರ್ಷ ತರಿಸಿಕೊಂಡೆವು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ, ಬಾಚಣಿಗೆಯ ಹಲ್ಲುಗಳಿಗಿಂತ ಒತ್ತಾಗಿ ಕೊರೆದ ಸಣ್ಣ ನಾಲೆಗಳು ಕಾಣುತ್ತವೆ.

ಇದರ ಹಿಂದಿನ ತತ್ತ್ವ ಹೊಸದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಟಕರ್‌ಮನ್ ಮತ್ತು ಪೀಸ್ 1981ರಲ್ಲಿಯೇ ಸಿಲಿಕಾನ್‌ನಲ್ಲಿ ಸುಮಾರು 50 ಮೈಕ್ರಾನ್ ಅಗಲದ ನಾಲೆಗಳನ್ನು ಕೊರೆದು, ನೀರು ಹರಿಸಿ, ಚದರ ಸೆಂಟಿಮೀಟರ್‌ಗೆ 790 ವ್ಯಾಟ್ ಶಾಖವನ್ನು ಹೊರಸಾಗಿಸಿ ತೋರಿಸಿದ್ದರು. ನಾಲೆ ಕಿರಿದಾದಷ್ಟೂ ಗೋಡೆಯ ಶಾಖ ನೀರಿನೊಳಕ್ಕೆ ಸಾಗಬೇಕಾದ ದೂರ ಕಡಿಮೆಯಾಗುತ್ತದೆ, ಶಾಖ ಬಿಟ್ಟುಕೊಡುವ ಮೇಲ್ಮೈ ಹೆಚ್ಚುತ್ತದೆ. ಆದರೆ ಅದೇ ವೇಗದಲ್ಲಿ ನೀರು ಹರಿಯಬೇಕಾದರೆ, ಅಗಲ ಅರ್ಧವಾದಾಗ ಬೇಕಾಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ನಮ್ಮ ಹಳೆಯ ಪಂಪು ಮೊದಲ ದಿನವೇ ಕೈಚೆಲ್ಲಿತು.

ತಂಪು ಮಾಡುವ ಕೆಲಸದಲ್ಲಿ ಈ ಪ್ಲೇಟಿನ ಮೇಲೆ ನನ್ನ ದೂರಿಲ್ಲ. ದೂರಿರುವುದು ಕೈಪಿಡಿಯ ಬಗ್ಗೆ. ಫಿಲ್ಟರ್ ಹಾಕಬೇಕೆಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ಮಾಡ್ಯೂಲಿನ ಉಷ್ಣತೆ ಮಾತ್ರ ಏರತೊಡಗಿದಾಗ ಬಿಚ್ಚಿ ನೋಡಿದರೆ, ಪೈಪಿನ ಜೋಡಣೆಗೆ ನಾವೇ ಸುತ್ತಿದ್ದ ಟೆಫ್ಲಾನ್ ಟೇಪಿನ ಚೂರೊಂದು ಏಳೆಂಟು ನಾಲೆಗಳ ಬಾಯಿಗೆ ಅಡ್ಡಲಾಗಿ ಕುಳಿತಿತ್ತು (ಅದನ್ನು ಚಿಮಟದಲ್ಲಿ ತೆಗೆಯಲು ಅರ್ಧ ದಿನ ಹಿಡಿಯಿತು). ಮಾರಾಟಗಾರರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

ಕಡಿಮೆ ಶಾಖದ ಸಾಧನಗಳಿಗೆ ಫ್ಯಾನ್ ಹಾಗೂ ಸಾಧಾರಣ ಹೀಟ್‌ಸಿಂಕ್ (ಶಾಖವನ್ನು ಗಾಳಿಗೆ ಬಿಡುವ ಲೋಹದ ತುಂಡು) ಸಾಕು. ಇದನ್ನೇ ಕೊಳ್ಳುವವರು ಒಳ್ಳೆಯ ಪಂಪು, ಫಿಲ್ಟರ್‌ಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು ಮತ್ತು ಅದೇ ನೀರಿನ ಸುತ್ತಿನಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಬಳಸಬಾರದು. ತಾಮ್ರದ ಜೊತೆಯಲ್ಲಿ ಅದು ಬೇಗ ಸವೆಯುತ್ತದೆ.