ಹೋಮ್ಸ್–ರಾಹೆ ಸ್ಟ್ರೆಸ್ ಪಟ್ಟಿ: ಅಡ್ಮಿಷನ್ ಆದರೆ ಸಾಕು, 198 ಅಂಕ

ಪುಕ್ಕಟೆ ಸಿಗುವ 'ಸ್ಟ್ರೆಸ್ ಟೆಸ್ಟ್'ಗಳಲ್ಲಿ ಇದು ಹಳೇ ಹುಲಿ. ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 43 ಘಟನೆಗಳಿವೆ. ಸಂಗಾತಿಯ ಸಾವಿಗೆ 100, ಮದುವೆಗೆ 50, ಟ್ರಾಫಿಕ್ ದಂಡದಂಥ ಸಣ್ಣ ತಪ್ಪಿಗೆ 11. ಕಳೆದ ಒಂದು ವರ್ಷದಲ್ಲಿ ಆದದ್ದಕ್ಕೆಲ್ಲ ಗುರುತು ಹಾಕಿ ಕೂಡಬೇಕು. 150ರೊಳಗಿದ್ದರೆ ಕಾಯಿಲೆ ಬೀಳುವ ಸಂಭವ ಕಡಿಮೆ, 300 ದಾಟಿದರೆ ಜಾಸ್ತಿ.

ಈಗ ಊರು ಬಿಟ್ಟು ಹಾಸ್ಟೆಲ್ ಸೇರಿದ ಮೊದಲ ವರ್ಷದ ಹುಡುಗಿಯ ಲೆಕ್ಕ ಹಾಕಿ. ಓದು ಶುರು 26, ವಾಸದ ಸ್ಥಿತಿ ಬದಲು 25, ಅಭ್ಯಾಸ ಬದಲು 24, ಮನೆ ಬದಲು 20, ಕಾಲೇಜು ಬದಲು 20, ಮನರಂಜನೆ 19, ಒಡನಾಟ 18, ನಿದ್ದೆ 16, ಊಟ 15, ಮನೆಯವರ ಜೊತೆ ಸೇರುವುದು 15. ಒಟ್ಟು 198! ಯಾರೂ ಸತ್ತಿಲ್ಲ, ಯಾವ ಆಪತ್ತೂ ಬಂದಿಲ್ಲ, ಬರೀ ಅಡ್ಮಿಷನ್ ಆಗಿದೆ. ಒಂದೇ ಮೂಟೆಯನ್ನು ಹತ್ತು ಸಲ ತೂಗಿದ ಹಾಗೆ.

ಬೇಕಾದದ್ದು ಪಟ್ಟಿಯಲ್ಲಿಲ್ಲ. ಬ್ಯಾಕ್‌ಲಾಗ್ ಇಲ್ಲ, ರ‍್ಯಾಗಿಂಗ್ ಇಲ್ಲ, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠಕ್ಕೆ ಕಿವಿಗೊಡುವ ಕಷ್ಟ ಇಲ್ಲ. ಕ್ರಿಸ್‌ಮಸ್‌ಗೆ ಮಾತ್ರ 12 ಅಂಕ ಉಂಟು.

ಮೆಚ್ಚಬೇಕಾದ ಮಾತೂ ಇದೆ. ದೊಡ್ಡ ಸಾಧನೆಗೂ ಇಲ್ಲಿ 28 ಅಂಕ. ಒಳ್ಳೆಯದಾದರೂ ಹೊಂದಿಕೊಳ್ಳಲು ಮೈಮನಸ್ಸು ದುಡಿಯಲೇಬೇಕು ಎಂಬುದನ್ನು ಇದು ಮರೆತಿಲ್ಲ. ಆದರೆ ಅಂಕ ನೋಡಿ ಗಾಬರಿ ಬೇಡ: ಅಮೆರಿಕದ ನೌಕಾಪಡೆಯ 2,500ಕ್ಕೂ ಹೆಚ್ಚು ನಾವಿಕರಲ್ಲಿ ಪರೀಕ್ಷಿಸಿದಾಗ ಅಂಕಕ್ಕೂ ಕಾಯಿಲೆಗೂ ಸಿಕ್ಕ ಸಹಸಂಬಂಧ 0.118. ನಂಟು ಇದೆ, ನೂಲಿನೆಳೆಯಷ್ಟು.

ಬಳಸುವುದಾದರೆ ನಿದ್ದೆ, ಊಟದ ಸಾಲುಗಳನ್ನು ಕೂಡಬೇಡಿ, ಪಕ್ಕಕ್ಕೆ ಬರೆದಿಡಿ. ಅವು ಒತ್ತಡಕ್ಕೆ ಕಾರಣವೂ ಹೌದು, ಲಕ್ಷಣವೂ ಹೌದು. ಕೂಡಿದರೆ ಎರಡೂ ಕಲಸಿಹೋಗುತ್ತವೆ. ಜೊತೆಗೆ 10 ಪ್ರಶ್ನೆಗಳ ಪಿಎಸ್‌ಎಸ್ (ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್, ಅಂದರೆ ನಮಗೆ ಅನಿಸುವ ಒತ್ತಡ ಅಳೆಯುವ ಹಾಳೆ) ತುಂಬಿಸಿ. ಅದು ಘಟನೆ ಎಣಿಸುವುದಿಲ್ಲ, ಕಳೆದ ತಿಂಗಳು ನಿಮಗೆ ಹೇಗನಿಸಿತು ಎಂದು ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 40. ಎಡವುವುದು ಒಂದೇ ಕಡೆ: 4, 5, 7, 8ನೇ ಪ್ರಶ್ನೆಗಳ ಅಂಕ ತಿರುಗಿಸಬೇಕು, 0 ಇದ್ದರೆ 4, 1 ಇದ್ದರೆ 3. ಮರೆತರೆ ನಿರಾಳವಾಗಿರುವವರೂ ಒತ್ತಡದಲ್ಲಿದ್ದಂತೆ ಕಾಣುತ್ತಾರೆ.

ಅಂಕ ಹೆಚ್ಚು ಬಂದರೆ ಮುಂದೇನು ಎಂಬುದಕ್ಕೆ ಎರಡೂ ಹಾಳೆಗಳಲ್ಲಿ ಉತ್ತರವಿಲ್ಲ. ಎರಡು ವಾರ ನಿದ್ದೆ ಕೆಟ್ಟಿದ್ದರೆ, ಕ್ಲಾಸಿಗೆ ಹೋಗಲು ಮನಸ್ಸೇ ಬಾರದಿದ್ದರೆ, ಅಂಕ ಎಷ್ಟೇ ಇರಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.