ನೀರೊಲೆ ಮುಂದೆ ಕಾರ್ಪೆಟ್ ಹಾಸಿದ್ದರೆ ಇವತ್ತೇ ತೆಗೆದುಬಿಡಿ

ತಂಗಿ ಬಾಣಂತನಕ್ಕೆ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದಳು. ಗೀಸರ್ ಇದ್ದರೂ ಬಾಣಂತಿಗೂ ಕೂಸಿಗೂ ಸೌದೆ ಒಲೆಯ ನೀರೇ ಆಗಬೇಕು ಅಂತ ಅವ್ವನ ಹಟ. ಹಿತ್ತಲ ಕೋಣೆಯ ಹಂಡೆ ಒಲೆ ಮುಂದೆ ಕಾಲು ಚಾಚಿ ಕೂತು ಅವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಪುಷ್ಯದ ಚಳಿಗೆ ಅಲ್ಲಿನ ಕಲ್ಲು ಕೊರೆಯುತ್ತೆ, ಅವಳಿಗೆ ಮೊದಲೇ ಮಂಡಿನೋವು. ನೋಡಲಾರದೆ ನಾನೇ ಪೇಟೆಯಿಂದ ಒಂದು ಕಾರ್ಪೆಟ್ ತಂದು, ಒಲೆಬಾಯಿಂದ ಒಂದು ಗೇಣು ಬಿಟ್ಟು ಹಾಸಿದೆ. "ಉಣ್ಣೆ ಥರಾನೇ ಬೆಚ್ಚಗಿರುತ್ತಣ್ಣ" ಅಂದಿದ್ದರು ಅಂಗಡಿಯವರು. ಹಿಂದೆ ಹೊಲಿದಿದ್ದ ಚೀಟಿಯಲ್ಲಿ ಪಾಲಿಪ್ರೊಪಿಲೀನ್ ಅಂತ ಇತ್ತು, ಅಂದರೆ ಪ್ಲಾಸ್ಟಿಕ್ ಎಳೆ. ನಾನು ಓದಿರಲಿಲ್ಲ.

ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು. ಅವತ್ತು ಹಿತ್ತಲ ಬಾಗಿಲು ತೆಗೆದ ಕೂಡಲೇ ಒಲೆಯ ಉರಿ ಈಚೆಗೆ ತಿರುಗಿತು. ಜಾಲಿ ಸೌದೆ, ಒಳಗಿನ್ನೂ ಹಸಿ. ಚಟ್ ಅಂತ ಸಿಡಿದು ಕಡಲೆಕಾಳಿನಷ್ಟು ಕೆಂಡ ಕಾರ್ಪೆಟ್ ಮೇಲೆ ಬಿತ್ತು. ಮೊದಲು ಉರಿಯೇ ಇಲ್ಲ. ಕೆಂಡದ ಸುತ್ತ ಎಳೆಗಳು ಮುದುಡಿ, ಮೇಣದ ಹಾಗೆ ಹೊಳೆದು, ಕುಳಿ ಬಿದ್ದು, ಆಮೇಲೆ ಅಂಚಿಗೆ ಹತ್ತಿಕೊಂಡಿತು. ತಣ್ಣೀರ ಬಕೆಟ್ ಪಕ್ಕದಲ್ಲೇ ಇತ್ತು, ಯಾರಿಗೂ ಹೊಳೆಯಲಿಲ್ಲ. ಅವ್ವ ಕೂಸನ್ನು ತಂಗಿ ಕೈಗೆ ಕೊಟ್ಟವಳೇ ಬರಿಗಾಲಲ್ಲಿ ತುಳಿದಳು. ಬೆಂಕಿ ಆರಿತು, ಕರಗಿದ ಪ್ಲಾಸ್ಟಿಕ್ ಹಿಮ್ಮಡಿಗೆ ಅಂಟಿತು. ಗಾಬರಿಯಲ್ಲಿ ನಾನದನ್ನು ಕಿತ್ತೆ. ಚರ್ಮವೂ ಜೊತೆಗೇ ಬಂತು.

ಅಂಟಿದ್ದನ್ನು ಎಳೆಯಬಾರದಂತೆ. ಅದರ ಮೇಲೇ 20 ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಪೇಸ್ಟು, ಅರಿಶಿನ, ಇಂಕು ಏನೂ ಹಚ್ಚಬೇಡಿ. ಒಂದು ತಿಂಗಳು ಅವ್ವ ಹಿಮ್ಮಡಿ ಊರಲಿಲ್ಲ. ಕೂಸಿಗೆ ಬೇರೆಯವರು ನೀರು ಹಾಕುವುದನ್ನು ಬಾಗಿಲಲ್ಲಿ ಕೂತು ನೋಡಿದಳು.

ಪಾಲಿಪ್ರೊಪಿಲೀನ್ 160 ಡಿಗ್ರಿ ಆಸುಪಾಸಲ್ಲೇ ಕರಗುತ್ತೆ, ನೈಲಾನ್, ಪಾಲಿಯೆಸ್ಟರ್ 220ರಿಂದ 260ರೊಳಗೆ. ಕೆಂಪಗೆ ಹೊಳೆಯುವ ಕೆಂಡ 600 ಡಿಗ್ರಿ ದಾಟಿರುತ್ತೆ. ಉಣ್ಣೆ ಮಾತ್ರ ಕರಗಲ್ಲ, ಕರಿಕಾಗಿ ಸಾಮಾನ್ಯವಾಗಿ ತಾನೇ ಆರುತ್ತೆ. ನಮ್ಮಜ್ಜಿ ಇದೇ ಒಲೆ ಮುಂದೆ ಚಳ್ಳಕೆರೆ ಕಂಬಳಿ ಹಾಸುತ್ತಿದ್ದಳು. ಅದರಲ್ಲಿ ಅಲ್ಲಲ್ಲಿ ಕಾಳಿನಷ್ಟು ತೂತು, ಅಷ್ಟೇ. ಹಾಗಂತ ಕಂಬಳಿಯನ್ನೂ ಒಲೆಬಾಯಿಗೆ ತಾಗಿಸಿ ಹಾಸಬೇಡಿ.

ಕಾರ್ಪೆಟ್ ಮೇಲೆ ತಗಡು ಇಟ್ಟರೆ ಸಾಲದೇ ಅಂತ ಕೇಳಿದರು ಕೆಲವರು. ತಗಡು ಕಿಡಿ ತಡೆಯುತ್ತೆ, ಬಿಸಿ ತಡೆಯಲ್ಲ. ದೊಡ್ಡ ಕೆಂಡ ಬಿದ್ದರೆ ಕೆಳಗಿನ ಎಳೆ ಕರಗಿಯೇ ಕರಗುತ್ತೆ. ಅಮೆರಿಕದಲ್ಲಿ ಮನೆಯೊಳಗಿನ ಕಬ್ಬಿಣದ ಸೌದೆ ಒಲೆಗೆ ಮುಂದೆ 16ರಿಂದ 18 ಇಂಚು ಬೆಂಕಿ ಹತ್ತದ ನೆಲ ಬಿಡಿಸುತ್ತಾರೆ. ಅದು ಬಾಗಿಲು ಮುಚ್ಚುವ ಒಲೆ. ನಮ್ಮದಕ್ಕೆ ಬಾಗಿಲೇ ಇಲ್ಲ, ಕೊಳ್ಳಿ ಅರ್ಧ ಹೊರಗಿರುತ್ತೆ, ಉರಿದಂತೆ ಮುರಿದು ಈಚೆ ಬೀಳುತ್ತೆ. ನಾನೀಗ 3 ಅಡಿ ಬರೀ ಕಲ್ಲು ಬಿಟ್ಟಿದ್ದೇನೆ. ಅದರಾಚೆಗೆ ಮಣೆ, ಮಣೆ ಮೇಲೆ ಮಡಿಸಿದ ಕಂಬಳಿ.

ಬೂದಿಯನ್ನೂ ಪ್ಲಾಸ್ಟಿಕ್ ಬುಟ್ಟಿಗೆ ತುಂಬಬೇಡಿ, ರಾತ್ರಿ ತೆಗೆದ ಬೂದಿಯಲ್ಲಿ ಬೆಳಿಗ್ಗೆಗೂ ಕೆಂಡ ಇರುತ್ತೆ.

ನಿಮ್ಮ ಮನೆಯ ಹಾಸು ಯಾವುದು ಅಂತ ಗೊತ್ತಿಲ್ಲದಿದ್ದರೆ ಅಂಚಿಂದ ಒಂದು ಎಳೆ ಕಿತ್ತು, ಅಂಗಳಕ್ಕೆ ಒಯ್ದು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ, ಆ ಹಾಸನ್ನು ಒಲೆ ಇರುವ ಕೋಣೆಯಿಂದಲೇ ಆಚೆ ಹಾಕಿ.