ದುಬಾರಿ ಸ್ಪ್ಯಾನರ್, ಅಗ್ಗದ ಸ್ಪ್ಯಾನರ್: ತೋಟದ ಶೆಡ್ಡಿನಲ್ಲಿ ಆರು ವರ್ಷ

ಈ ಆರು ವರ್ಷಗಳಲ್ಲಿ ನಾನು ಕೊಂಡ ಉಪಕರಣಗಳಲ್ಲಿ ಎಲ್ಲಕ್ಕಿಂತ ದುಬಾರಿ ಬಿದ್ದದ್ದು 550 ರೂಪಾಯಿಯ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ 46 ತುಂಡುಗಳಿದ್ದವು. ಒಂದೇ ದಿಕ್ಕಿಗೆ ಕಚ್ಚಿ ತಿರುಗಿಸುವ ಹಿಡಿಯಾದ ಕಾಲು ಇಂಚಿನ ರ‍್ಯಾಚೆಟ್, ಅದಕ್ಕೆ ಸಿಕ್ಕಿಸಿ ನಟ್ಟಿನ ಮೇಲೆ ಕೂರಿಸುವ, ನಾಲ್ಕರಿಂದ ಹದಿನಾಲ್ಕು ಮಿ.ಮೀ.ವರೆಗಿನ ಸಾಕೆಟ್‌ಗಳು, ಒಂದಷ್ಟು ಬಿಟ್‌ಗಳು. ಯಾವ ಕಂಪನಿಯ ಹೆಸರೂ ಇರಲಿಲ್ಲ, ‘ಕ್ರೋಮ್ ವೆನೇಡಿಯಂ’ ಎಂದು ಮಾತ್ರ ಕೊರೆದಿತ್ತು. ಜೂನ್ ಮೊದಲ ವಾರ, ಕೊಳೆರೋಗ ಬಾರದಂತೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತು. ಸ್ಪ್ರೇ ಪಂಪಿನ ಇಂಜಿನ್ನಿನ ಸೈಲೆನ್ಸರ್ ಬಿಚ್ಚಬೇಕಾಯಿತು. ಹತ್ತರ ಸಾಕೆಟ್ ಹಾಕಿ ಎಳೆದೆ. ಸಾಕೆಟ್ ತಿರುಗಿತು, ನಟ್ಟು ತಿರುಗಲಿಲ್ಲ. ಮೂಲೆಗಳು ಸವೆದು ನಟ್ಟು ಗುಂಡಗಾಯಿತು. ಇಕ್ಕಳದಲ್ಲಿ ಹಿಡಿದು ಹಟ ಮಾಡಿದ್ದಕ್ಕೆ ನಟ್ಟು ಕೂತಿದ್ದ ತಿರುಪು ಕಡ್ಡಿ, ಅಂದರೆ ಸ್ಟಡ್ಡೇ ಮುರಿದು ಇಂಜಿನ್ನಿನ ಒಳಗೆ ಕೂತಿತು. ಇಂಜಿನ್ನನ್ನು ಹೊತ್ತುಕೊಂಡು ಪೇಟೆಯ ಲೇತ್ ಅಂಗಡಿಗೆ ಹೋಗಿ ಸ್ಟಡ್ ತೆಗೆಸುವಾಗ 1,400 ರೂಪಾಯಿ ಮತ್ತು ಎರಡು ದಿನ ಹೋಯಿತು. ಮೂರನೆಯ ದಿನ ಮಳೆ ಹಿಡಿಯಿತು. ಆ ವರ್ಷ ನಮ್ಮ ಕೆಳಗಿನ ತೋಟಕ್ಕೆ ಕೊಳೆ ಬಂದಿತು. ಅದರ ಲೆಕ್ಕವನ್ನು ನಾನು ಈ 550ಕ್ಕೆ ಸೇರಿಸಿಯೇ ಇಲ್ಲ.

ನಾನು ಕಸುಬಿನ ಮೆಕ್ಯಾನಿಕ್ ಅಲ್ಲ. ತೀರ್ಥಹಳ್ಳಿಯಿಂದ ಸಾಕಷ್ಟು ಒಳಗೆ ನಮ್ಮ ಮನೆ. ಒಂದು ಸ್ಪ್ರೇ ಪಂಪ್, ಎರಡು ಕಳೆ ಕತ್ತರಿಸುವ ಯಂತ್ರ, ಹಳೆಯ ಜೀಪು, ನಾನು ಕಾಲೇಜಿಗೆ ಓಡಿಸುತ್ತಿದ್ದ ಬೈಕು ಯಮಹಾ ಆರ್‌ಎಕ್ಸ್ 100. ಮೆಕ್ಯಾನಿಕ್‌ನನ್ನು ಕರೆಸಬೇಕೆಂದರೆ ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ ಕಾಯಬೇಕು. ಹಾಗಾಗಿ ಎಲ್ಲವನ್ನೂ ನಾನೇ ಬಿಚ್ಚುತ್ತೇನೆ. ಒಳ್ಳೆಯ ಉಪಕರಣಕ್ಕೆ ಎಷ್ಟು ದುಡ್ಡು ಹಾಕಬೇಕು ಎಂಬ ಪ್ರಶ್ನೆಗೆ ಅಂಗಡಿಯವರು ಒಂದು ಹೇಳುತ್ತಾರೆ, ಮೆಕ್ಯಾನಿಕ್‌ಗಳು ಇನ್ನೊಂದು ಹೇಳುತ್ತಾರೆ. ನಾನು ಬಳಸಿ ನೋಡಲು ತೀರ್ಮಾನಿಸಿದೆ.

ಅದಕ್ಕೆ ಅನುಕೂಲವೂ ಒದಗಿತು. ಅಕ್ಕನ ಗಂಡ, ನಮ್ಮ ಭಾವ, ಮಸ್ಕತ್‌ನ ಒಂದು ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದಾಗ ಒಂದು ಪೆಟ್ಟಿಗೆ ಸ್ನ್ಯಾಪ್-ಆನ್ ಉಪಕರಣಗಳನ್ನು ತಂದಿದ್ದರು. ಅಮೆರಿಕದಲ್ಲಿ 1920ರಲ್ಲಿ ಶುರುವಾದ ಕಂಪನಿ ಅದು. ಮೆಕ್ಯಾನಿಕ್‌ಗಳ ನಡುವೆ ಅದರ ಹೆಸರಿಗಿರುವ ಗೌರವ ಬೇರೆಯದೇ. ನನ್ನ ಬಳಿ ನಾಸಿಕ್‌ನ ಟಪಾರಿಯಾ ಸೆಟ್ ಇತ್ತು. ಹೆಸರಿಲ್ಲದ ಪೆಟ್ಟಿಗೆಯಂತೂ ಇದ್ದೇ ಇತ್ತು. ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚಿದೆ.

ಮೊದಲು ಸಾಕೆಟ್. ಕೆಟ್ಟು ಮೂಲೆ ಸೇರಿದ್ದ ಪವರ್ ಟಿಲ್ಲರ್ ಒಂದರಲ್ಲಿ ತುಕ್ಕು ಹಿಡಿದ ಹತ್ತರ ನಟ್ಟುಗಳು ಹನ್ನೆರಡು ಸಿಕ್ಕವು. ಮೂರು ಸಾಕೆಟ್‌ಗಳಿಗೆ ನಾಲ್ಕು ನಾಲ್ಕು ಹಂಚಿದೆ. ಹೆಸರಿಲ್ಲದ್ದು ನಾಲ್ಕರಲ್ಲಿ ಎರಡನ್ನು ಗುಂಡು ಮಾಡಿತು. ಆರು ಮೂಲೆಯ ಟಪಾರಿಯಾ ಸಾಕೆಟ್ ನಾಲ್ಕನ್ನೂ ಬಿಚ್ಚಿತು, ಸ್ನ್ಯಾಪ್-ಆನ್ ಕೂಡ ನಾಲ್ಕನ್ನೂ ಬಿಚ್ಚಿತು. ಆಮೇಲೆ ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದು ಅಳೆದೆ. ನಟ್ಟಿನ ಅಗಲ 9.86 ಮಿ.ಮೀ. ಸ್ನ್ಯಾಪ್-ಆನ್ ಬಾಯಿ 10.08, ಟಪಾರಿಯಾದ್ದು 10.12, ಹೆಸರಿಲ್ಲದ್ದು 10.34. ಮೊದಲೆರಡರ ನಡುವಿನ ವ್ಯತ್ಯಾಸ ಕೂದಲೆಳೆಗಿಂತ ಕಡಿಮೆ. ಮೂರನೆಯದು ನಟ್ಟನ್ನು ಹಿಡಿಯುತ್ತಲೇ ಇರಲಿಲ್ಲ, ಸುತ್ತ ಅಲೆದಾಡುತ್ತಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಸಾಕೆಟ್ಟು ನಟ್ಟಿನ ಮೂಲೆಯನ್ನೇ ಒತ್ತಿದರೆ ಮೂಲೆ ಸವೆಯುತ್ತದೆ. ಮೂಲೆಯಿಂದ ಸ್ವಲ್ಪ ಈಚೆಗೆ, ಚಪ್ಪಟೆ ಮೈಯ ಮೇಲೆ ಒತ್ತಿದರೆ ಮೂಲೆ ಉಳಿಯುತ್ತದೆ, ಬಲವನ್ನೂ ಹೆಚ್ಚು ಹಾಕಬಹುದು. ಸ್ನ್ಯಾಪ್-ಆನ್ 1960ರ ದಶಕದಲ್ಲಿ ‘ಫ್ಲ್ಯಾಂಕ್ ಡ್ರೈವ್’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೆ. ಒಂದು ಕಾಲಕ್ಕೆ ಆ ಒಂದೇ ಕಾರಣಕ್ಕೆ ದುಬಾರಿ ಸಾಕೆಟ್ ಕೊಳ್ಳುವುದು ನ್ಯಾಯವಾಗಿತ್ತು. ಆ ಪೇಟೆಂಟ್ ಮುಗಿದು ದಶಕಗಳಾಗಿವೆ. ಅದೇ ತತ್ವದ ಒಳಮೈಯನ್ನು ಈಗ ಹಲವು ಕಂಪನಿಗಳು ಮಾಡುತ್ತವೆ. ಒಂದು ಸಾಕೆಟ್ಟಿಗೆ ಇಪ್ಪತ್ತು ಪಟ್ಟಿಗೂ ಮಿಕ್ಕಿ ಬೆಲೆ ಕೊಡಲು ನನಗೆ ಕಾರಣ ಉಳಿದಿಲ್ಲ. ಹೆಸರಿಗಿಂತ ಮುಖ್ಯವಾದದ್ದು ಸಾಕೆಟ್ಟಿನ ಒಳಗಿನ ಮೂಲೆಗಳ ಎಣಿಕೆ. ಹನ್ನೆರಡು ಮೂಲೆಯದು ನಟ್ಟಿಗೆ ಬೇಗ ಕೂರುತ್ತದೆ ನಿಜ, ಆದರೆ ಮಲೆನಾಡಿನ ಮಳೆ ತಿಂದ ನಟ್ಟಿಗೆ ಆರು ಮೂಲೆಯದೇ ಬೇಕು.

ಇನ್ನು ಸ್ಕ್ರೂಡ್ರೈವರ್. ಈ ಹೋಲಿಕೆಯನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದೇ ಇದಕ್ಕಾಗಿ.

ಆರ್‌ಎಕ್ಸ್ 100 ಇಟ್ಟುಕೊಂಡವರಿಗೆಲ್ಲ ಕ್ಲಚ್ ಕವರಿನ ಸ್ಕ್ರೂಗಳ ನೋವು ಗೊತ್ತು. ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅದು ಜಾರಿ ಮೇಲಕ್ಕೆ ಎದ್ದು ಬರುತ್ತದೆ, ಸ್ಕ್ರೂವಿನ ತಲೆ ಕಿತ್ತುಹೋಗುತ್ತದೆ. ಕೊನೆಗೆ ಉಳಿಯನ್ನು ಓರೆಯಾಗಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುತ್ತಾರೆ. ನನ್ನ ಗಾಡಿಯ ಕವರಿನ ಮೇಲೆ ಅಂಥ ಉಳಿ ಗಾಯಗಳು ಇಂದಿಗೂ ಇವೆ. ಇಪ್ಪತ್ತು ವರ್ಷ ನಾನು ಸ್ಕ್ರೂವನ್ನೇ ಬೈಯುತ್ತಿದ್ದೆ, ಕಬ್ಬಿಣ ಮೆದು ಎನ್ನುತ್ತಿದ್ದೆ. ತಪ್ಪು ಸ್ಕ್ರೂವಿನದಲ್ಲ. ನಾವು ‘ಸ್ಟಾರ್’ ಎಂದು ಕರೆಯುವುದು ಅಮೆರಿಕದಲ್ಲಿ 1930ರ ದಶಕದಲ್ಲಿ ಪೇಟೆಂಟ್ ಆದ ಫಿಲಿಪ್ಸ್ ಆಕಾರ. ಜಪಾನಿನ ಗಾಡಿಗಳ ಸ್ಕ್ರೂಗಳಿಗೆ ಅಲ್ಲಿನದೇ ಮಾನಕವಿತ್ತು, ಅದನ್ನು ಜೆಐಎಸ್ (ಜಪಾನಿನ ಕೈಗಾರಿಕಾ ಮಾನಕ) ಎನ್ನುತ್ತಾರೆ. ನೋಡಲು ಎರಡೂ ಒಂದೇ ಪ್ಲಸ್ ಗುರುತು. ಆದರೆ ಫಿಲಿಪ್ಸ್ ತುದಿಯಲ್ಲಿ ರೆಕ್ಕೆಗಳು ಕೂಡುವ ಜಾಗ ಹೆಚ್ಚು ದುಂಡಗಿರುವುದರಿಂದ ಅದು ಜಪಾನಿ ಸ್ಕ್ರೂವಿನ ಗುಂಡಿಯ ಬುಡ ಮುಟ್ಟುವುದಿಲ್ಲ. ಮೇಲೆಯೇ ತೇಲುತ್ತದೆ, ಬಲ ಬಿದ್ದೊಡನೆ ಜಾರುತ್ತದೆ. ಅನೇಕ ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ, ಅದೇ ಗುರುತು.

ಇದರ ಮೇಲೆ ಅಳತೆಯ ತಪ್ಪು ಬೇರೆ. ಕವರಿನ 6 ಮಿ.ಮೀ. ಸ್ಕ್ರೂಗಳಿಗೆ ಬೇಕಾದದ್ದು ಮೂರನೇ ನಂಬರಿನ ತುದಿ. ಮನೆಗಳಲ್ಲಿ ಇರುವುದು ಬಹುಪಾಲು ಎರಡನೇ ನಂಬರಿನದು. ಕಾರ್ಬೊರೇಟರಿನ ಸಣ್ಣ ಸ್ಕ್ರೂಗಳಿಗೆ ಮಾತ್ರ ಅದು ಸರಿ.

ಒಸಾಕಾದ ವೆಸೆಲ್ ಕಂಪನಿಯ ‘ಇಂಪ್ಯಾಕ್ಟಾ’ ಮೂರನೇ ನಂಬರಿಗೆ ನಾನು 1,600 ರೂಪಾಯಿ ಕೊಟ್ಟೆ. ಇದರ ಹಿಡಿಯ ಹಿಂಬದಿಗೆ ಸುತ್ತಿಗೆಯಿಂದ ಹೊಡೆದರೆ ತುದಿ ಒಳಕ್ಕೆ ಒತ್ತಿಕೊಳ್ಳುತ್ತಲೇ ಬಿಚ್ಚುವ ದಿಕ್ಕಿಗೆ ಒಂದಿಷ್ಟು ತಿರುಗುತ್ತದೆ. ಕ್ಲಚ್ ಕವರಿನಲ್ಲಿ ಮೂರು ಸ್ಕ್ರೂಗಳು ನನ್ನ 60 ರೂಪಾಯಿಯ ಸ್ಕ್ರೂಡ್ರೈವರಿಗೂ, ಒಳ್ಳೆಯ ಉಕ್ಕಿನ 220 ರೂಪಾಯಿಯ ಫಿಲಿಪ್ಸ್‌ಗೂ ಬಗ್ಗದೆ ಕೂತಿದ್ದವು. ಇಂಪ್ಯಾಕ್ಟಾ ಇಟ್ಟು ಎರಡು ಪೆಟ್ಟು ಹಾಕಿದೆ. ಮೊದಲನೆಯದು ‘ಟಿಕ್’ ಎಂದು ಸಡಿಲವಾಯಿತು. ಎರಡನೆಯದಕ್ಕೆ ಒಂದೇ ಪೆಟ್ಟು ಸಾಕಾಯಿತು. ಮೂರನೆಯದರ ತಲೆ ನಾನೇ ಹಿಂದೆ ಕೆಡಿಸಿದ್ದು, ಅದೂ ನಾಲ್ಕನೇ ಪೆಟ್ಟಿಗೆ ಬಂದಿತು. ಆ ಶಬ್ದ ಕೇಳಿದಾಗ ನನಗಾದ ಸಂತೋಷವನ್ನು ಹೇಳಲು ಬರುವುದಿಲ್ಲ. ಆದರೆ ಗಮನಿಸಬೇಕಾದದ್ದು ಇದು. ಗೆದ್ದದ್ದು ಬರೀ ಬೆಲೆಯಲ್ಲ, ಆಕಾರ. ಇದೇ ದುಡ್ಡಿಗೆ ಪ್ರಖ್ಯಾತ ಕಂಪನಿಯ ಫಿಲಿಪ್ಸ್ ತಂದಿದ್ದರೂ ಆ ಸ್ಕ್ರೂಗಳ ತಲೆ ಹೋಗುತ್ತಿತ್ತು. ಕಾರ್ಬೊರೇಟರಿಗೆಂದು ಆಮೇಲೆ ತಂದ ವೆಸೆಲ್‌ನ ಸಾದಾ ಎರಡನೇ ನಂಬರಿಗೆ 600 ರೂಪಾಯಿ ಆಯಿತು. ಕೆಲಸ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಬೆಲೆಯೇ ಗೆದ್ದದ್ದು ಒಂದು ಕಡೆ ಇದೆ, ಅದು ಇಕ್ಕಳದಲ್ಲಿ. ಸಾಮಾನ್ಯ ಕಟಿಂಗ್ ಪ್ಲೈಯರ್ ವಿಷಯದಲ್ಲಿ ನನಗೆ ಮಧ್ಯಮ ಬೆಲೆಯದು ಸಾಕು. ಟಪಾರಿಯಾ ಎಂಟು ಇಂಚಿನದು ಹತ್ತು ವರ್ಷದಿಂದ ಬೇಲಿಯ ತಂತಿ ಕತ್ತರಿಸುತ್ತಿದೆ, ಇನ್ನೂ ಬಾಯಿ ಕೂಡುತ್ತದೆ. ಆದರೆ ಬಾಯಿಯ ಅಗಲ ಹೊಂದಿಸಬಹುದಾದ ವಾಟರ್ ಪಂಪ್ ಪ್ಲೈಯರ್ ಬೇರೆ. ಪೇಟೆಯಲ್ಲಿ 420 ರೂಪಾಯಿಗೆ ತಂದದ್ದರಲ್ಲಿ ಒಂದೂವರೆ ಇಂಚಿನ ಜಿ.ಐ. ಪೈಪನ್ನು ಹಿಡಿದು ಬಲ ಹಾಕಿದಾಗ ಅದರ ಕಚ್ಚು ತಪ್ಪಿ ಬಾಯಿ ಅಗಲವಾಯಿತು. ಬೆರಳ ಗೆಣ್ಣು ಪಂಪಿನ ಕಲ್ಲಿಗೆ ಬಡಿದು ಹದಿನೈದು ದಿನ ಬಾತಿತ್ತು. ಜರ್ಮನಿಯ ವುಪರ್ಟಾಲ್‌ನಲ್ಲಿ 1882ರಿಂದ ಇಕ್ಕಳ ಮಾಡುತ್ತಿರುವ ಕ್ನಿಪೆಕ್ಸ್‌ನ ‘ಕೋಬ್ರಾ’ 250 ಮಿ.ಮೀ. ಇಕ್ಕಳಕ್ಕೆ 3,100 ರೂಪಾಯಿ ಕೊಡುವಾಗ ನನ್ನ ಕೈ ಹಿಂಜರಿದದ್ದು ನಿಜ. ಅದರ ಹಲ್ಲುಗಳು ತಿರುಗಿಸುವ ದಿಕ್ಕಿಗೆ ಎದುರಾಗಿ ಓರೆಯಾಗಿವೆ, ಸುಮಾರು 61 ರಾಕ್‌ವೆಲ್ ಸಿ ಗಡಸುತನಕ್ಕೆ ಹದಗೊಂಡಿವೆ. ಎಳೆದಷ್ಟೂ ಅದು ತಾನಾಗಿ ಬಿಗಿ ಹಿಡಿಯುತ್ತದೆ, ಹಿಡಿಯನ್ನು ಅದುಮಿ ಹಿಡಿಯುವ ಶ್ರಮವೇ ಇಲ್ಲ. ಗುಂಡಿ ಒತ್ತಿದರೆ ಪೈಪಿನ ಮೇಲೆಯೇ ಅಳತೆ ಹೊಂದಿಸಬಹುದು, ಆಮೇಲೆ ಅದು ಕದಲುವುದಿಲ್ಲ. ಹೊಳೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಒಂದೇ ಕೈಯಲ್ಲಿ ಫುಟ್‌ವಾಲ್ವ್ ಬಿಚ್ಚಿದ ದಿನ ಆ 3,100 ನನ್ನ ಮನಸ್ಸಿನಿಂದ ಹೋಯಿತು. ಅದಕ್ಕೆ ಸಾಟಿಯಾದ ಅಗ್ಗದ ಇಕ್ಕಳ ನನಗೆ ಈವರೆಗೆ ಸಿಕ್ಕಿಲ್ಲ.

ರ‍್ಯಾಚೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 36 ಹಲ್ಲಿನದನ್ನು ಪ್ರತಿ ಸಲ 10 ಡಿಗ್ರಿ, 72 ಹಲ್ಲಿನದನ್ನು 5 ಡಿಗ್ರಿ ತಿರುಗಿಸಿದರೆ ಸಾಕು. ಜೀಪಿನ ಸ್ಟಾರ್ಟರ್ ಮೋಟಾರಿನ ಸಂದಿಯಲ್ಲಿ ಈ ಐದು ಡಿಗ್ರಿಯೇ ಎಲ್ಲ. ಆದರೆ 72 ಹಲ್ಲು ಈಗ ಮಧ್ಯಮ ಬೆಲೆಯಲ್ಲೂ ಸಿಗುತ್ತದೆ. ಮಳೆಗಾಲ ಮುಗಿದೊಡನೆ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ತೆಳುವಾಗಿ ಗ್ರೀಸ್ ಹಚ್ಚಿದರೆ ಬಾಳುತ್ತದೆ.

ಸುತ್ತಿಗೆ, ಟಾಮಿ ಸರಳು, ಟೈರ್ ಲಿವರ್, ಉಳಿ, ಹದಿನೇಳಕ್ಕಿಂತ ದೊಡ್ಡ ರಿಂಗ್ ಸ್ಪ್ಯಾನರ್, ಇವುಗಳಿಗೆ ದುಬಾರಿ ಬೆಲೆ ಕೊಡುವುದು ದುಡ್ಡು ಹಾಳು ಮಾಡಿದಂತೆಯೇ. ನಮ್ಮೂರ ಕಮ್ಮಾರರು ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟ ಟೈರ್ ಲಿವರ್ ನನ್ನ ಶೆಡ್ಡಿನಲ್ಲಿ ಯಾವ ವಿದೇಶೀ ಲಿವರಿಗೂ ಕಡಿಮೆಯಿಲ್ಲ.

ಸ್ನ್ಯಾಪ್-ಆನ್ ಬೆಲೆಯಲ್ಲಿ ಇನ್ನೊಂದು ಪಾಲಿದೆ, ಅದು ಉಕ್ಕಿನದಲ್ಲ. ಅಮೆರಿಕದಲ್ಲಿ ಕಂಪನಿಯ ವ್ಯಾನ್ ಗ್ಯಾರೇಜಿನ ಬಾಗಿಲಿಗೇ ಬರುತ್ತದೆ. ಕಂತಿನಲ್ಲಿ ಕೊಳ್ಳಬಹುದು, ಮುರಿದದ್ದನ್ನು ಅಲ್ಲೇ ಬದಲಿಸಿಕೊಳ್ಳಬಹುದು. ಅಲ್ಲಿ ದುಡಿಯುವ ಮೆಕ್ಯಾನಿಕ್‌ಗೆ ಅದು ನಿಜವಾದ ಸೇವೆ. ನಮ್ಮೂರಿಗೆ ಆ ವ್ಯಾನ್ ಬರುವುದಿಲ್ಲ. ಹಾಗಿರುವಾಗ ಆ ಸೇವೆಯ ದುಡ್ಡನ್ನು ನಾವೇಕೆ ಕೊಡಬೇಕು?

ಭಾವನಿಗೆ ಈ ಮಾತು ಒಪ್ಪಿಗೆಯಿಲ್ಲ. “ನೀನು ವರ್ಷಕ್ಕೆ ನೂರು ನಟ್ಟು ಬಿಚ್ಚುತ್ತೀಯ, ನಾನು ದಿನಕ್ಕೆ ನೂರು ಬಿಚ್ಚಿದವನು. ಸಂಜೆ ಆರು ಗಂಟೆಗೆ ಮಣಿಕಟ್ಟು ಏನು ಹೇಳುತ್ತದೆ ಎಂದು ನಿನಗೆ ಗೊತ್ತಿಲ್ಲ” ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಅವರ ಹನ್ನೆರಡರ ರಿಂಗ್ ಸ್ಪ್ಯಾನರನ್ನು ನನ್ನದರ ಪಕ್ಕದಲ್ಲಿಟ್ಟರೆ ರಿಂಗಿನ ಗೋಡೆ ಎದ್ದು ಕಾಣುವಷ್ಟು ತೆಳು, ಉದ್ದ ಹೆಚ್ಚು, ತೂಕ ಕಡಿಮೆ. ಜೀಪಿನ ಮ್ಯಾನಿಫೋಲ್ಡ್ ಸಂದಿಯಲ್ಲಿ ನನ್ನದು ಹೋಗದ ಕಡೆ ಅದು ಸಲೀಸಾಗಿ ಹೋಯಿತು. ಮೈ ನುಣುಪಾಗಿರುವುದರಿಂದ ಒಂದು ಸಲ ಬಟ್ಟೆಯಲ್ಲಿ ಒರೆಸಿದರೆ ಗ್ರೀಸ್ ಪೂರ್ತಿ ಹೋಗುತ್ತದೆ. ಎಂಟು ಮಳೆಗಾಲ ಕಂಡರೂ ಅದರ ಕ್ರೋಮ್ ಒಂದು ಕಡೆಯೂ ಎದ್ದಿಲ್ಲ. ನನ್ನ ಹೆಸರಿಲ್ಲದ ಪೆಟ್ಟಿಗೆಯ ಕ್ರೋಮ್ ಎರಡನೇ ಮಳೆಗಾಲಕ್ಕೇ ಸಿಪ್ಪೆಯಂತೆ ಎದ್ದು ಹೆಬ್ಬೆರಳನ್ನು ಕೊಯ್ದಿತ್ತು. ಅದೇ ಕಸುಬು, ಅದೇ ಅನ್ನ ಎನ್ನುವವರು ನಿತ್ಯ ಹಿಡಿಯುವ ಎಂಟು, ಹತ್ತು, ಹನ್ನೆರಡು, ಹದಿನಾಲ್ಕರ ಸ್ಪ್ಯಾನರ್‌ಗಳನ್ನು ದುಬಾರಿಯದೇ ಇಟ್ಟುಕೊಂಡರೆ ನಾನು ಬೇಡ ಎನ್ನುವುದಿಲ್ಲ. ಇಡೀ ಪೆಟ್ಟಿಗೆಯನ್ನೇ ಹಾಗೆ ತುಂಬಿಸುವುದು ಮಾತ್ರ ಬೇಡ.

ಕಳೆದ ತಿಂಗಳು ಭಾವನ ಮಗ ಬಂದಿದ್ದ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಸೇರಿದ್ದಾನೆ. “ಮಾವ, ಅಪ್ಪನ ಪೆಟ್ಟಿಗೆಯನ್ನು ಹಾಸ್ಟೆಲ್ಲಿಗೆ ಒಯ್ಯಲು ಅಪ್ಪ ಬಿಡುವುದಿಲ್ಲ. ಆರು ಸಾವಿರ ಕೊಟ್ಟಿದ್ದಾರೆ. ಏನೇನು ತೆಗೆದುಕೊಳ್ಳಲಿ?” ಎಂದು ಕೇಳಿದ. ರಿಂಗ್ ಸ್ಪ್ಯಾನರ್ ಮತ್ತು ಡಬಲ್ ಎಂಡ್ ಸ್ಪ್ಯಾನರ್ ಎರಡೂ ಸೆಟ್ ಐಎಸ್ಐ ಗುರುತಿನ ದೇಶೀಯದು ತೆಗೆದುಕೋ ಎಂದೆ. ಸಾಕೆಟ್ ಪೆಟ್ಟಿಗೆ ಬೇಡ, ಎಂಟರಿಂದ ಹತ್ತೊಂಬತ್ತರೊಳಗೆ ಬೇಕಾದ ಆರೇಳನ್ನು ಬಿಡಿಯಾಗಿ ಕೊಳ್ಳು, ಎಲ್ಲವೂ ಆರು ಮೂಲೆಯದಿರಲಿ. ಕಟಿಂಗ್ ಪ್ಲೈಯರ್ ಒಂದು. ಜೆಐಎಸ್ ಸ್ಕ್ರೂಡ್ರೈವರ್ ಎರಡನೇ ಮತ್ತು ಮೂರನೇ ನಂಬರ್, ಇದರಲ್ಲಿ ಮಾತ್ರ ಕೈ ಹಿಡಿತ ಮಾಡಬೇಡ. ಸುತ್ತಿಗೆಯನ್ನು ನಾನು ಕೊಡುತ್ತೇನೆ. ಹೆಸರಾಂತ ಕಂಪನಿಗಳ ನಕಲಿ ಮಾಲೂ ಓಡಾಡುತ್ತದೆ, ಕೊರೆದ ಅಕ್ಷರ ಮಸುಕಾಗಿದ್ದರೆ ಮುಟ್ಟಬೇಡ, ಬಿಲ್ಲು ಕೇಳು.

“ಆ ಕೆಂಪು ಹಿಡಿಯ ಇಕ್ಕಳ?” ಎಂದ.

“ಮೊದಲ ಸಂಬಳದಲ್ಲಿ” ಎಂದೆ.

ಅವನು ಸ್ವಲ್ಪ ಹೊತ್ತು ಹತ್ತರ ಆ ಮೂರೂ ಸಾಕೆಟ್‌ಗಳನ್ನು ಒಂದೊಂದಾಗಿ ನಟ್ಟಿನ ಮೇಲೆ ಕೂರಿಸಿ ಅಲ್ಲಾಡಿಸಿ ನೋಡಿದ. ಆಮೇಲೆ, “ಮಾವ, ನಾಳೆ ಶಿವಮೊಗ್ಗದ ಅಂಗಡಿಗೆ ಹೋಗುವಾಗ ನಿಮ್ಮ ವರ್ನಿಯರ್ ಒಯ್ಯಲೇ?” ಎಂದು ಕೇಳಿದ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿ ಕೊಟ್ಟೆ.